ಗಡಿ ಸರಿದಾಗ

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೋಗುವಾಗ ನೀವು ಒಂದು ಹಳೆಯ ಗಡಿಯನ್ನು ದಾಟುತ್ತೀರಿ. 1956ರ ನವೆಂಬರ್ 1ರವರೆಗೆ ಯಳಂದೂರು ಮೈಸೂರಿನದು. ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಹನೂರೂ ಸೇರಿ, ಮದರಾಸಿನ ಕೊಯಮತ್ತೂರು ಜಿಲ್ಲೆಯದು.

ಏಕೀಕರಣಕ್ಕೆ ಜನ ಹಿಗ್ಗಿದರು, ಹಿಗ್ಗಬೇಕಾದ್ದೇ. ಆದರೆ ಆಗ ಐವತ್ತು ದಾಟಿದ್ದ ಗುಮಾಸ್ತರೊಬ್ಬರನ್ನೂ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವರ ಮಡದಿಯನ್ನೂ ಊಹಿಸಿಕೊಳ್ಳಿ. ನಿವೃತ್ತಿ 55ಕ್ಕೆ. ಮನೆಮಾತು ಕನ್ನಡವೇ ಸರಿ, ಕಚೇರಿಯ ಮಾತು ಬೇರೆ. ಮದರಾಸಿನಲ್ಲಿ ತಹಶೀಲ್ದಾರರೆಂದರೆ ಮೈಸೂರಿನಲ್ಲಿ ಅಮಲ್ದಾರರು. ಅಲ್ಲಿಯ ಕರಣಂ ಇಲ್ಲಿ ಶಾನುಭೋಗರು, ಗ್ರಾಮ ಮುನಸೀಫರು ಇಲ್ಲಿ ಪಟೇಲರು. ಕೊಯಮತ್ತೂರಿಗೆ ಹೋಗುತ್ತಿದ್ದ ಕಾಗದ ಇನ್ನು ಮೈಸೂರಿಗೆ. ಮೂವತ್ತು ವರ್ಷ ತಡವರಿಸದೆ ಬರೆದ ಕೈ ಈಗ ಕಿರಿಯನೊಬ್ಬನನ್ನು ಕೇಳಿ ಬರೆಯಬೇಕು. ಮಡದಿಗೂ ಹೊಸ ಸರ್ಕಾರದ ಸುತ್ತೋಲೆಗಳು. ಸಂಜೆ ಇಬ್ಬರೂ ಮನೆಗೆ ತರುತ್ತಿದ್ದುದು ಒಂದೇ ಅಳುಕು. ಧೈರ್ಯ ಹೇಳುವವರು ಯಾರು?

ಹಾಗೆಂದು ಅವರನ್ನು ಕೈಬಿಟ್ಟರೆನ್ನಲಾಗದು. ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಕಲಮು, ಕೇಂದ್ರ ಸರ್ಕಾರದ ಮುಂಗಡ ಒಪ್ಪಿಗೆಯಿಲ್ಲದೆ ಇಂಥವರ ಸೇವಾ ನಿಯಮಗಳನ್ನು ನಷ್ಟವಾಗುವಂತೆ ಬದಲಿಸಕೂಡದೆಂದಿತು. ಸಂಬಳಕ್ಕೆ ಆಸರೆ ಸಿಕ್ಕಿತು. ಪಳಗಿದ ಕೈಗೆ ಮಾತ್ರ ಯಾವ ಕಲಮೂ ಇರಲಿಲ್ಲ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಆ ಕಾಲದ ಸೇವಾ ಪುಸ್ತಕವೇನಾದರೂ ಉಳಿದಿದ್ದರೆ ತೆಗೆದು ನೋಡಿ. ಒಂದೇ ಹೊತ್ತಗೆಯಲ್ಲಿ ಎರಡು ಸರ್ಕಾರಗಳ ಮೊಹರು ಇದ್ದೀತು.