ಸೀರೆಗೆ ಮೈಸೂರಿನ ಹೆಸರು, ಸಾಲಕ್ಕೆ?

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ ವರದಿಗೆ ಹೋಗಿದ್ದಾಗ ರೇಷ್ಮೆ ಬೆಳೆಗಾರರೊಬ್ಬರು ಒಂದು ಮಾತು ಹೇಳಿದರು: "ಸೀರೆಗೆ ಮೈಸೂರು ಹೆಸರು ಸಾ, ಸಾಲ ಮಾತ್ರ ನಮ್ಮೆಸ್ರಲ್ಲೇ ಅದೆ." ಅಷ್ಟೊತ್ತಿಗೆ ಕ್ಯಾಮೆರಾ ಆಫ್ ಆಗಿತ್ತು. ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಲೇ ಇಲ್ಲ.

ಇದು ನಮ್ಮೂರಿನದಷ್ಟೇ ಕಥೆ ಅಂದ್ಕೋಬೇಡಿ. ಜರ್ಮನಿಯ ರೈನ್ ನದಿ ಸೀಮೆಯಲ್ಲಿ ಕ್ರೇಫೆಲ್ಡ್ ಅಂತ ಒಂದು ನಗರ ಇದೆ. ಇವತ್ತಿಗೂ ಅದಕ್ಕೆ 'ಮಖಮಲ್ಲು ಮತ್ತು ರೇಷ್ಮೆಯ ನಗರ' ಅನ್ನೋ ಬಿರುದು. 18ನೇ ಶತಮಾನದಲ್ಲಿ ಅಲ್ಲಿನ ಫಾನ್ ಡೆರ್ ಲೇಯೆನ್ ಮನೆತನಕ್ಕೆ ಪ್ರಷ್ಯಾದ ದೊರೆ ಫ್ರೆಡರಿಕ್ ರೇಷ್ಮೆ ಉದ್ಯಮದ ಏಕಸ್ವಾಮ್ಯವನ್ನೇ ಕೊಟ್ಟಿದ್ದ. ಆದರೆ ನೇಯುತ್ತಿದ್ದವರು ಯಾರು? ಮನೆಯಲ್ಲೇ ಮಗ್ಗ ಹಾಕಿಕೊಂಡ ಬಡ ನೇಕಾರರು. 1828ರಲ್ಲಿ ಕೂಲಿ ಕಡಿತ ಮಾಡಿದಾಗ ಅವರು ಬೀದಿಗಿಳಿದರು. ಬಂದಿದ್ದು ನ್ಯಾಯ ಅಲ್ಲ, ಕುದುರೆ ಏರಿದ ಸೈನಿಕರು! ಇವತ್ತು ಆ ಹಳೇ ಕೈಮಗ್ಗ ನೋಡಬೇಕಂದ್ರೆ ಮ್ಯೂಸಿಯಂಗೆ ಹೋಗಬೇಕು.

ಈಗ ನಮ್ಮ ಕಡೆ ಬನ್ನಿ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿದ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಶುರುವಾಯ್ತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಗೂಡಿನಿಂದ ನೂಲು ತೆಗೆಯೋದು ತಿ. ನರಸೀಪುರದಲ್ಲಿ, ನೇಯೋದು ಮೈಸೂರಿನಲ್ಲಿ. 2005ರಲ್ಲಿ 'ಮೈಸೂರು ಸಿಲ್ಕ್' ಹೆಸರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸಂತೋಷದ ವಿಷಯವೇ.

ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಗೂಡಿಗೆ? ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಎದ್ದು, ಹಣ್ಣಾಗಿ ಗೂಡು ಕಟ್ಟೋವರೆಗೂ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲ್ಲ. ಗೂಡನ್ನು ಮಾರುಕಟ್ಟೆಗೆ ತಂದ ದಿನ ಹರಾಜು ಎಷ್ಟಕ್ಕೆ ನಿಲ್ಲುತ್ತೋ ಅಷ್ಟೇ. 1930ರ ದಶಕದಲ್ಲಿ ಜಪಾನಿನ ಅಗ್ಗದ ರೇಷ್ಮೆ, ಆಮೇಲೆ ಚೀನಾದ್ದು. ಹೊರಗಿನ ಮಾಲು ಬಂದಾಗಲೆಲ್ಲ ಪೆಟ್ಟು ಬಿದ್ದಿದ್ದು ಈ ಮನೆಗೇ.

ಕ್ರೇಫೆಲ್ಡ್ ನೂಲನ್ನು ಹೊರಗಿನಿಂದ ತರಿಸಿಕೊಂಡು ನೇಯ್ತಿತ್ತು. ನಮ್ಮಲ್ಲಿ ಸೊಪ್ಪಿನಿಂದ ಸೀರೆವರೆಗೆ ಎಲ್ಲವೂ ಕಾವೇರಿ ಸೀಮೆಯಲ್ಲೇ ಇದೆ. ಇದು ನಮ್ಮ ಭಾಗ್ಯ. ಮಗ್ಗ ನಿಂತರೆ ಮ್ಯೂಸಿಯಂನಲ್ಲಿ ಇಡಬಹುದು ಸ್ವಾಮಿ. ರೈತ ಬೇಸತ್ತು ಹಿಪ್ಪುನೇರಳೆ ತೋಟವನ್ನೇ ಕಿತ್ತು ಹಾಕಿದರೆ ಅದನ್ನ ಎಲ್ಲಿ ಇಡ್ತೀರಿ?