ಎಕ್ಸ್‌ಟೆಂಡರ್ ವಿನ್ಯಾಸ ಮಾದರಿ

ಓಎಸ್‌ಜಿಐ ಚೌಕಟ್ಟಿನ ಜಾವಾ ತಂತ್ರಾಂಶಗಳಲ್ಲಿ ಎಲ್ಲ ಮಾಡ್ಯೂಲ್‌ಗಳಿಗೂ ಬೇಕಾದ ಕೆಲಸವೊಂದನ್ನು ಅವುಗಳ ಪರವಾಗಿ ಎಕ್ಸ್‌ಟೆಂಡರ್ ಎಂಬ ಒಂದೇ ಮಾಡ್ಯೂಲ್ ವಹಿಸಿಕೊಳ್ಳುವ ಕ್ರಮ. ಉಳಿದವು ಮ್ಯಾನಿಫೆಸ್ಟ್ ಕಡತದಲ್ಲಿ ಬೇಕಾದುದನ್ನು ಘೋಷಿಸಿದರೆ ಸಾಕು. ಎಕ್ಸ್‌ಟೆಂಡರ್ ಅದನ್ನು ಓದಿ ಕಾರ್ಯರೂಪಕ್ಕೆ ತರುತ್ತದೆ, ಮಾಡ್ಯೂಲ್ ನಿಂತಾಗ ತಾನೇ ತೆರವು ಮಾಡುತ್ತದೆ. ಉದಾಹರಣೆಗೆ, ಪುತ್ತೂರು, ಸುಳ್ಯ ತಾಲೂಕುಗಳ ಅಡಿಕೆ ಖರೀದಿ ಕೇಂದ್ರಗಳಿಗೆ ಬಿಲ್ಲಿಂಗ್ ತಂತ್ರಾಂಶವೊಂದನ್ನು ಕಲ್ಪಿಸಿಕೊಳ್ಳೋಣ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕೋಕ ದರ್ಜೆಗಳ ದರಪಟ್ಟಿ ಆಯಾ ಕೇಂದ್ರದ ಮಾಡ್ಯೂಲಿನಲ್ಲಿ ಬರೀ ಒಂದು ಕಡತವಾಗಿರುತ್ತದೆ; ಅದನ್ನು ಓದುವುದು ಎಕ್ಸ್‌ಟೆಂಡರ್. ಈ ಎರಡು ತಾಲೂಕುಗಳ ಕೆಲವು ಗ್ರಾಮಗಳು ಸೇರಿ ಕಡಬ ತಾಲೂಕು ಆದಂಥ ಬದಲಾವಣೆ ಬಂದಾಗ ಒಂದು ಮಾಡ್ಯೂಲ್ ಸೇರಿಸಿದರಾಯಿತು. ಮೂಲ ಕೋಡ್ ಮುಟ್ಟಬೇಕಿಲ್ಲ, ವ್ಯವಸ್ಥೆಯನ್ನು ನಿಲ್ಲಿಸಬೇಕಿಲ್ಲ. ದರ ಓದುವ ಕೋಡಿನಲ್ಲಿ ದೋಷ ಕಂಡರೂ ತಿದ್ದುವ ಜಾಗ ಒಂದೇ. ಈ ಮಾದರಿಯ ನಿಜವಾದ ಲಾಭ ಇದೇ.

ಎಕ್ಸ್‌ಟೆಂಡರ್ ಇಲ್ಲದಿದ್ದರೆ ಮಾಡ್ಯೂಲ್ ಸದ್ದಿಲ್ಲದೆ ನಿಷ್ಕ್ರಿಯವಾಗಿ ಉಳಿಯುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಓಎಸ್‌ಜಿಐಯ 2012ರ ಐದನೇ ಬಿಡುಗಡೆ ಇದಕ್ಕೆ ದಾರಿ ಮಾಡಿತು: ಇಂಥ ಎಕ್ಸ್‌ಟೆಂಡರ್ ಬೇಕೆಂದು ಮಾಡ್ಯೂಲ್ ಮೊದಲೇ ಘೋಷಿಸಿದ್ದರೆ, ಅದು ಸಿಗದಾಗ ಚೌಕಟ್ಟು ಆ ಮಾಡ್ಯೂಲನ್ನು ಆರಂಭಿಸುವುದೇ ಇಲ್ಲ, ತಪ್ಪು ಅಲ್ಲೇ ಬಯಲಾಗುತ್ತದೆ. ಜಾವಾ 6ರಿಂದಲೇ ಸೇವೆಗಳನ್ನು ಹುಡುಕಿಕೊಡುವ ಸರ್ವಿಸ್‌ಲೋಡರ್ ಇರುವಾಗ ಈ ಮಾದರಿ ಏಕೆ ಎಂದು ಕೇಳಬಹುದು. ಮಾಡ್ಯೂಲ್‌ಗಳು ನಡುವೆ ಬಂದುಹೋಗುವುದನ್ನು ಅದು ಗಮನಿಸುವುದಿಲ್ಲ, ಎಕ್ಸ್‌ಟೆಂಡರ್‌ಗೆ ನೆರವಾಗುವ ಓಎಸ್‌ಜಿಐ 4.2ರ ಬಂಡಲ್ (ಅಂದರೆ ಮಾಡ್ಯೂಲ್) ಟ್ರ್ಯಾಕರ್ ಗಮನಿಸುತ್ತದೆ. ಮಾಡ್ಯೂಲ್ ಒಂದೆರಡೇ ಇರುವಲ್ಲಿ ಮಾತ್ರ ಈ ಮಾದರಿ ಹೊರೆಯೇ ಸರಿ.