ಎಡಕ್ಕೆ ಜಮಾ, ಎಡಕ್ಕೇ ಡೆಬಿಟ್

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ವಾಣಿಜ್ಯ ಓದಲು ಸಿರುಗುಪ್ಪ, ಕುರುಗೋಡುಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ರೈತರ, ಸಣ್ಣ ವ್ಯಾಪಾರಿಗಳ ಮನೆಯವರು. ಹಣಕಾಸು ಲೆಕ್ಕಶಾಸ್ತ್ರದ ಮುಂದುವರಿದ ಪಾಠಗಳಿಗೆ ಬರುವ ಹೊತ್ತಿಗೆ ಅವರ ಮುಂದೆ ಪಾಲುದಾರಿಕೆಯ ವಿಸರ್ಜನೆ, ಕನ್‌ಸೈನ್‌ಮೆಂಟ್, ಶಾಖೆಗಳ ಲೆಕ್ಕ, ಕಂತಿನ ಖರೀದಿ, ಗಣಿಯ ರಾಯಧನ ಮುಂತಾದ ಅಧ್ಯಾಯಗಳು ಸಾಲಾಗಿ ನಿಲ್ಲುತ್ತವೆ. ಇದೆಲ್ಲ ಹೊರದೇಶದಿಂದ ಬಂದ ವಿದ್ಯೆ, ನಮ್ಮ ಕಡೆಯವರಿಗೆ ಗೊತ್ತಿದ್ದದ್ದು ಬರಿಯ ಕೂಡಿಸು-ಕಳೆ ಎಂಬ ಭಾವನೆ ಓದುವವರಲ್ಲೂ ಕಲಿಸುವವರಲ್ಲೂ ಇದೆ. ಈ ಭಾವನೆ ಎಷ್ಟು ಸರಿ ಎಂದು ನೋಡಬೇಕಾದರೆ ಮೊದಲು ಒಂದು ದಲಾಲಿ ಅಂಗಡಿಯ ಹಳೆಯ ವಹಿಯನ್ನು ಬಿಡಿಸಿ ನೋಡಬೇಕು.

ಸಿರುಗುಪ್ಪದ ಕಡೆಯ ರೈತನೊಬ್ಬ ಗೊಬ್ಬರಕ್ಕೆಂದು ಅಂಗಡಿಯಿಂದ 5,000 ರೂಪಾಯಿ ಮುಂಗಡ ಪಡೆದನೆನ್ನಿ. ಹಳೆಯ ಪದ್ಧತಿಯ ಗುಮಾಸ್ತ ದಿನದ ಕಿರ್ದಿಯಲ್ಲಿ ಬಲಬದಿಗೆ, ಅಂದರೆ ಖರ್ಚಿನ ಬದಿಗೆ, ರೈತನ ಹೆಸರು ಹಾಕಿ ಮೊತ್ತ ಬರೆಯುತ್ತಾನೆ. ನಂತರ ಖಾತೆ ವಹಿಯಲ್ಲಿ ಆ ರೈತನ ಪುಟ ತೆಗೆದು ಅಲ್ಲೂ ಬಲಬದಿಗೇ ಬರೆಯುತ್ತಾನೆ. ಸುಗ್ಗಿಯಲ್ಲಿ ರೈತ 3,000 ರೂಪಾಯಿ ಮರಳಿ ಕೊಟ್ಟರೆ ಅದು ಕಿರ್ದಿಯಲ್ಲಿ ಎಡಕ್ಕೆ ಜಮಾ. ರೈತನ ಖಾತೆಯಲ್ಲೂ ಎಡಕ್ಕೆ ಜಮಾ. ಬಾಕಿ 2,000. ಕಿರ್ದಿಯಲ್ಲಿ ಯಾವ ಬದಿಯೋ ಖಾತೆಯಲ್ಲೂ ಅದೇ ಬದಿ. ಸಂಜೆ ಎರಡು ಬದಿಗಳ ವ್ಯತ್ಯಾಸವೇ ಪೆಟ್ಟಿಗೆಯಲ್ಲಿ ಇರಬೇಕಾದ ಶಿಲ್ಕು.

ಕಾಲೇಜಿನಲ್ಲಿ ಇದೇ ವ್ಯವಹಾರ ಬರೆಯುವ ಕ್ರಮ ಬೇರೆ. ಮುಂಗಡ ಕೊಟ್ಟದ್ದು ನಗದು ಪುಸ್ತಕದ ಬಲಕ್ಕೆ ಹೋಗುತ್ತದೆ, ಆದರೆ ರೈತನ ಖಾತೆಯಲ್ಲಿ ಎಡಕ್ಕೆ ಡೆಬಿಟ್ ಆಗಿ ಕೂಡುತ್ತದೆ. ಮರಳಿ ಬಂದದ್ದು ನಗದು ಪುಸ್ತಕದಲ್ಲಿ ಎಡಕ್ಕೆ, ರೈತನ ಖಾತೆಯಲ್ಲಿ ಬಲಕ್ಕೆ. ಪ್ರತಿ ಸಲವೂ ಬದಿ ದಾಟಬೇಕು. ಏಕೆಂದರೆ ಇಲ್ಲಿ ನಗದೂ ಒಂದು ಖಾತೆ. ಅದಕ್ಕೂ ಒಬ್ಬ ಮನುಷ್ಯನಂತೆ ಕೊಡು-ಕೊಳ್ಳುವ ಸಂಬಂಧವಿದೆ. ನಮ್ಮ ಕಿರ್ದಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಹಣ ಯಾರ ಹೆಸರಿಗೆ? ನಗದಿಗೆ ಬೇರೆ ಪುಟ ಬೇಕಿರಲಿಲ್ಲ, ಕಿರ್ದಿಯೇ ಅದರ ಪುಟವಾಗಿತ್ತು. ಅಂಗಡಿಯಲ್ಲಿ ಕುಳಿತು ಜಮಾ-ಖರ್ಚು ಕಲಿತ ಹುಡುಗನಿಗೆ ತರಗತಿಯಲ್ಲಿ ಎಡ-ಬಲ ತಿರುಗುಮುರುಗಾಗಿ ಕಾಣುವುದು ಇದಕ್ಕೇ. ಅವನು ದಡ್ಡನಲ್ಲ. ಎರಡು ಪದ್ಧತಿಗಳ ನಡುವೆ ನಿಂತಿದ್ದಾನೆ, ಹಾಗೆಂದು ಅವನಿಗೆ ಯಾರೂ ಹೇಳಿಲ್ಲ.

ಕನ್ನಡ ನಾಡಿನ ಲೆಕ್ಕದ ಕಸುಬು ಹಳೆಯದು. ಶಾಸನಗಳಲ್ಲಿ ಬರುವ ಸೇನಬೋವನೇ ಮುಂದೆ ಶಾನುಭೋಗನಾದ. ಕುರುಗೋಡು ಸಿಂದರ ರಾಜಧಾನಿಯಾಗಿದ್ದ 12ನೇ ಶತಮಾನದಲ್ಲಿ ದೇವಾಲಯಕ್ಕೆ ದತ್ತಿ ಬಿಟ್ಟರೆ ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ದಿನದಿನದ ಲೆಕ್ಕ ಕಲ್ಲಿಗೆ ಏರುವಂಥದ್ದಲ್ಲ. ಅದೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಅದಕ್ಕೂ ಮೊದಲು, 9ನೇ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥದಲ್ಲಿ ಬಡ್ಡಿಯ ಲೆಕ್ಕವನ್ನೂ, ಹಾಕಿದ ಬಂಡವಾಳಕ್ಕೆ ತಕ್ಕಂತೆ ಲಾಭ ಹಂಚುವ ಲೆಕ್ಕವನ್ನೂ ವಿವರವಾಗಿ ಕೊಟ್ಟಿದ್ದ. ಪಾಲುದಾರಿಕೆಯ ಲೆಕ್ಕ ನಮಗೆ ಹೊಸದೆನ್ನುವಂತಿಲ್ಲ.

ವರ್ತಕರ ದಿನದ ಲೆಕ್ಕ ಇರುತ್ತಿದ್ದುದು ಕಡತದಲ್ಲಿ. ಇಂದು ಸರಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಷ್ಟೆ. ಮೂಲದಲ್ಲಿ ಅದೊಂದು ಕಪ್ಪು ಬಟ್ಟೆಯ ಪುಸ್ತಕ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಎಂಟಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆಗೆ ಎರಡೂ ಕಡೆ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಕತ್ತರಿಸದೆ ಹಾಗೆಯೇ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕಟ್ಟುತ್ತಿದ್ದರು. ಬರೆಯುತ್ತಿದ್ದುದು ಬಳಪದಿಂದ. ಬೇಡವೆಂದರೆ ಅಳಿಸಿ ಮತ್ತೆ ಬರೆಯಬಹುದು. ಹಾಗಿದ್ದೂ ಒಬ್ಬ ವರ್ತಕನ ಕಡತದಲ್ಲಿ ಸಾಕ್ಷಿ ಸಮೇತ ಬರೆದಿದ್ದ ಸಾಲಪತ್ರವನ್ನು ಹಾಜರುಪಡಿಸಿ, ಪುರಾವೆಯಾಗಿ ಒಪ್ಪಿಕೊಂಡದ್ದನ್ನು ತಾನು ಕಂಡಿರುವುದಾಗಿ ವಿಲ್ಕ್ಸ್ ಹೇಳುತ್ತಾನೆ. ಒರೆಸಿದರೆ ಹೋಗುವ ಬರಹಕ್ಕೆ ನ್ಯಾಯಸ್ಥಾನದಲ್ಲಿ ಬೆಲೆ ಬಂದದ್ದು ಬರೆದವನ ಮೇಲಿನ ನಂಬಿಕೆಯಿಂದಲೇ ಇರಬೇಕು. ಇಂದಿನ ಆಡಿಟರು ಇದನ್ನು ಕೇಳಿದರೆ ಹೌಹಾರಿಯಾರು.

ಹೀಗೆ ಅಳಿಸಿ ಬರೆಯುವ ಪುಸ್ತಕವೇ ಇತಿಹಾಸಕಾರರಿಗೆ ತೊಡಕಾಗಿದೆ. ಜೋಡಿ ನಮೂದಿನ ಪದ್ಧತಿಯನ್ನು ಮೊದಲು ಮುದ್ರಿಸಿ ವಿವರಿಸಿದವನು ಲೂಕಾ ಪಾಚೋಲಿ ಎಂಬ ಇಟಲಿಯ ಸಂನ್ಯಾಸಿ, 1494ರಲ್ಲಿ, ವೆನಿಸ್‌ನಲ್ಲಿ. ಅವನೇನೂ ಅದನ್ನು ಕಂಡುಹಿಡಿದವನಲ್ಲ. ಜಿನೋವಾ ನಗರದ 1340ರ ಲೆಕ್ಕಗಳಲ್ಲೇ ಅದು ಕಾಣುತ್ತದೆ. ಭಾರತದ ವಹಿ-ಖಾತೆ ಅದಕ್ಕೂ ಹಿಂದಿನ ಜೋಡಿ ನಮೂದು ಎಂದು ಲಾಲ್ ನಿಗಮ್ ಎಂಬ ವಿದ್ವಾಂಸರು 1986ರಲ್ಲಿ ‘ಅಬಾಕಸ್’ ಪತ್ರಿಕೆಯಲ್ಲಿ ವಾದಿಸಿದರು. ಮರುವರ್ಷ ಅದೇ ಪತ್ರಿಕೆಯಲ್ಲಿ ಕ್ರಿಸ್ಟೋಫರ್ ನೋಬ್ಸ್ ಅದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಉತ್ತರ ಕೊಟ್ಟರು. ನೋಬ್ಸ್ ಮಾತೇ ಸದ್ಯಕ್ಕೆ ಗಟ್ಟಿ ಎನ್ನಬೇಕು. ಹಾಗೆಂದು ನಮ್ಮ ಪದ್ಧತಿ ಕೀಳಾಗಬೇಕಿಲ್ಲ. ಯಾರು ಮೊದಲು ಎಂಬ ಜಗಳಕ್ಕಿಂತ, ಸಾಲ, ಶಿಲ್ಕು, ಪಾಲು, ಲಾಭ ಇವಿಷ್ಟನ್ನೂ ಒಂದು ವಹಿಯಿಂದ ತೆಗೆದು ತೋರಿಸುವ ಶಕ್ತಿ ಅದಕ್ಕಿತ್ತು ಎಂಬುದೇ ಹೆಚ್ಚಿನ ಮಾತು.

ಆದರೆ ಈ ಶಕ್ತಿ ಇದ್ದದ್ದು ಕೆಲವರ ಕೈಯಲ್ಲಿ. ಬಳ್ಳಾರಿ ಸೀಮೆಯಲ್ಲಿ ಇದರ ಅರ್ಥವೇನೆಂಬುದು 1800ರ ನಂತರದ ಕಂದಾಯ ಇತಿಹಾಸದಲ್ಲಿ ಚೆನ್ನಾಗಿ ಕಾಣುತ್ತದೆ. ಆ ವರ್ಷ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ. ‘ದತ್ತ ಜಿಲ್ಲೆ’ಗಳೆಂದು ಹೆಸರಾದ ಇದಕ್ಕೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದ. ಮಧ್ಯವರ್ತಿ ಜಮೀನ್ದಾರರನ್ನು ಬಿಟ್ಟು ನೇರವಾಗಿ ರೈತನೊಡನೆ ಕಂದಾಯ ಗೊತ್ತುಮಾಡುವ ರಯತವಾರಿ ಪದ್ಧತಿಯನ್ನು ಅವನು ಇಲ್ಲಿ ವಿಸ್ತಾರವಾಗಿ ನಡೆಸಿದ. ಹಾಗೆ ಮಾಡಬೇಕಾದರೆ ಒಬ್ಬೊಬ್ಬ ರೈತನಿಗೂ ಒಂದೊಂದು ಲೆಕ್ಕ ಬೇಕು: ಖುಷ್ಕಿ ಎಷ್ಟು, ತರಿ ಎಷ್ಟು, ಬಾಗಾಯ್ತು ಎಷ್ಟು, ಬೆಳೆ ಏನು, ಬಾಕಿ ಏನು. ಸಿರುಗುಪ್ಪದಂಥ ಕಡೆ ವಿಜಯನಗರ ಕಾಲದ ಕಾಲುವೆಗಳಿಂದ ನೀರುಣ್ಣುವ ತರಿ ಜಮೀನಿಗೂ ಎರೆನೆಲದ ಖುಷ್ಕಿಗೂ ಕಂದಾಯದಲ್ಲಿ ಅಜಗಜಾಂತರ. ಆ ಗೆರೆ ಎಲ್ಲಿ ಎಂಬುದು ಗೊತ್ತಿದ್ದವನು ಊರಿನ ಕರಣಂ, ಅಂದರೆ ಶಾನುಭೋಗ.

ದೊರೆ ಬದಲಾದರೂ ಲೆಕ್ಕದವನು ಬದಲಾಗಲಿಲ್ಲ. ಅವನ ಕಸುಬು ವಂಶಪಾರಂಪರ್ಯ. ಅವನ ಬರಹ ರೈತನಿಗೆ ಓದಲು ಬಾರದು. ಇಂಥ ಹೊಲವನ್ನು ಬೀಳು ಎಂದು ಬರೆದರೆ ಕಂದಾಯ ಉಳಿಯಿತು, ಬೆಳೆ ಎಂದು ಬರೆದರೆ ಮನೆ ಹರಾಜಿಗೆ ಬಂತು. ಒಳ್ಳೆಯ ಶಾನುಭೋಗರೂ ಇದ್ದರೆನ್ನುವುದರಲ್ಲಿ ಸಂಶಯವಿಲ್ಲ, ಊರಿನ ಪರವಾಗಿ ಸರ್ಕಾರಕ್ಕೆ ಲೆಕ್ಕ ಮುಚ್ಚಿಟ್ಟವರೂ ಇದ್ದರು. ಆದರೂ ಲೆಕ್ಕ ಬಲ್ಲವನ ಮುಂದೆ ಬಾರದವನು ಕೈಕಟ್ಟಿ ನಿಲ್ಲಬೇಕಾದ ಸ್ಥಿತಿ ಶತಮಾನಗಳಷ್ಟು ನಡೆಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರ ನಮ್ಮ ರಾಜ್ಯದಲ್ಲಿ ಕಾನೂನಿನಿಂದ ಕೊನೆಗೊಂಡದ್ದು 1961ರ ಕಾಯ್ದೆಯಿಂದ.

ಇಲ್ಲೊಂದು ಸ್ವಾರಸ್ಯ. ಮದ್ರಾಸ್ ಪ್ರಾಂತದ ಕಂದಾಯ ಲೆಕ್ಕದ ಫಸಲಿ ವರ್ಷ ಜುಲೈ 1ಕ್ಕೆ ಮೊದಲಾಗುತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕದ ಅಧಿಕಾರಿಗಳು ವರ್ಷದ ಲೆಕ್ಕ ಒಪ್ಪಿಸಲು ಬರಬೇಕಾದದ್ದು ಆಷಾಢದಲ್ಲಿ. ಒಂದರಿಂದ ಇನ್ನೊಂದು ಬಂತೆಂದು ಇದರರ್ಥವಲ್ಲ. ಮಳೆಗಾಲದ ಬಿತ್ತನೆಗೆ ಮುಂಚೆ ಹಿಂದಿನ ಸುಗ್ಗಿಯ ಲೆಕ್ಕ ಮುಗಿಯಬೇಕೆಂಬುದು ಒಕ್ಕಲುತನದ ನಾಡಿಗೆ ತಾನಾಗಿಯೇ ಹೊಳೆಯುವ ವಿಷಯ.

ಇಂಗ್ಲಿಷ್ ಪದ್ಧತಿಯ ಲೆಕ್ಕಶಾಸ್ತ್ರ ಬಂದ ದಾರಿ ಕಂದಾಯದ್ದಲ್ಲ, ಕಂಪೆನಿ ಕಾನೂನಿನದು. 1913ರ ಕಂಪೆನಿ ಕಾಯ್ದೆ ಲೆಕ್ಕ ತಪಾಸಣೆಗೆ ಅರ್ಹತೆ ಪಡೆದವರನ್ನು ಕೇಳಿತು. ಅದೇ ವರ್ಷ ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ತೆರೆಯಿತು. 1918ರಲ್ಲಿ ಅಲ್ಲಿ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ ಬಂತು. ಸ್ವಾತಂತ್ರ್ಯಾನಂತರ, 1949ರ ಜುಲೈ 1ರಂದು, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪನೆಯಾಯಿತು. ಅದರ ಶಾಖೆ ಈಗ ಬಳ್ಳಾರಿಯಲ್ಲೂ ಇದೆ.

ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘದವರು 1945ರಲ್ಲಿ ವೀರಶೈವ ಕಾಲೇಜು ತೆರೆದಾಗ ಊರು ಮದ್ರಾಸ್ ಪ್ರಾಂತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿನ ಪದವಿಯ ಮುದ್ರೆ ಮದ್ರಾಸಿನಿಂದ ಧಾರವಾಡಕ್ಕೆ, 1980ರಲ್ಲಿ ಹುಟ್ಟಿದ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ, ಕೊನೆಗೆ 2010ರಲ್ಲಿ ಬಳ್ಳಾರಿಗೇ ಬಂತು. ಇಷ್ಟು ಮನೆ ಬದಲಿಸಿದರೂ ಲೆಕ್ಕದ ಪಾಠ ಒಂದೇ ತೆರನಾಗಿ ಉಳಿಯಿತು; ಅದರ ಪಾರಿಭಾಷಿಕ ಪದಗಳು ಇಂಗ್ಲಿಷ್, ಉದಾಹರಣೆಗಳು ದೂರದ ಊರಿನವು.

ಸೋಜಿಗವೆಂದರೆ ಉದಾಹರಣೆಗಳು ಕಾಲ ಬುಡದಲ್ಲೇ ಇವೆ. ಸರಕು ಒಬ್ಬರದು, ಮಾರುವವರು ಇನ್ನೊಬ್ಬರು, ಮಾರಿದ ಮೇಲೆ ಹಮಾಲಿ, ಕಮಿಷನ್ ಮೊದಲಾದ ಖರ್ಚು ತೋರಿಸಿ ಉಳಿದದ್ದನ್ನು ಕೊಡುವುದು ಕನ್‌ಸೈನ್‌ಮೆಂಟ್ ಪಾಠ. ದಲಾಲಿ ಅಂಗಡಿಯ ಪಟ್ಟಿ ಹಿಡಿದು ಭತ್ತದ ದುಡ್ಡು ಎಣಿಸಿಕೊಂಡ ಮನೆಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಕಂತಿನಲ್ಲಿ ಟ್ರ್ಯಾಕ್ಟರ್ ಕೊಂಡವರಿಗೆ ಕಂತಿನ ಖರೀದಿಯ ಪಾಠ ಗೊತ್ತು. ಅಸಲೆಷ್ಟು, ಬಡ್ಡಿಯೆಷ್ಟು ಎಂದು ಬಿಡಿಸುವುದೊಂದೇ ಗೊತ್ತಿರಲಿಲ್ಲ. ರಾಯಧನದ ಅಧ್ಯಾಯವಂತೂ ಸಂಡೂರಿನ ಗಣಿಗಳ ಕಥೆಯೇ. ಅದಿರು ತೆಗೆದರೂ ತೆಗೆಯದಿದ್ದರೂ ಕೊಡಬೇಕಾದ ಕನಿಷ್ಠ ಬಾಡಿಗೆ, ತೆಗೆದದ್ದಕ್ಕೆ ರಾಯಧನ. ಕಬ್ಬಿಣದ ಅದಿರಿಗೆ ಟನ್ನಿಗಿಷ್ಟು ರೂಪಾಯಿ ಎಂಬ ನಿಗದಿ ದರ ಹೋಗಿ ಬೆಲೆಯ ಶೇಕಡಾ 10 ಎಂದಾದದ್ದು 2009ರಲ್ಲಿ, ಶೇಕಡಾ 15 ಆದದ್ದು 2014ರಲ್ಲಿ. ಆ ನಡುವೆ, 2011ರಲ್ಲಿ, ಲೋಕಾಯುಕ್ತ ವರದಿ ಹೊರಬಿದ್ದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಎಷ್ಟು ಅದಿರು ಹೊರಟಿತು, ಎಷ್ಟಕ್ಕೆ ರಾಯಧನ ಬಂತು ಎಂಬುದು ಆಗ ಕೋಣೆಯೊಳಗಿನ ಲೆಕ್ಕವಾಗಿ ಉಳಿಯಲಿಲ್ಲ.

ಇನ್ನೂ ಮುಂದಿನ ಪಾಠವೊಂದಿದೆ. 2015ರಲ್ಲಿ ದೊಡ್ಡ ಕಂಪೆನಿಗಳಿಗಾಗಿ ಪ್ರಕಟಿಸಿದ ಲೆಕ್ಕಪತ್ರ ಮಾನದಂಡಗಳಲ್ಲಿ 41ನೆಯದು ಕೃಷಿಗೆ ಸಂಬಂಧಿಸಿದ್ದು. ಅದರ ಪ್ರಕಾರ ಹೊಲದಲ್ಲಿ ನಿಂತ ಪೈರು ‘ಜೈವಿಕ ಆಸ್ತಿ’. ಅದನ್ನು ಇಂದಿನ ನ್ಯಾಯಬೆಲೆಯಲ್ಲಿ ಮಾರಾಟದ ಖರ್ಚು ಕಳೆದು ಲೆಕ್ಕಕ್ಕೆ ಹಿಡಿಯಬೇಕು. ವರ್ಷ ವರ್ಷ ಹಣ್ಣು ಕೊಡುವ ಗಿಡ ಮಾತ್ರ ಯಂತ್ರದ ಸಾಲಿಗೆ ಸೇರುತ್ತದೆ, ಅದರ ಮೇಲಿನ ಕಾಯಿ ಜೈವಿಕ ಆಸ್ತಿಯಾಗುತ್ತದೆ. ಕುರುಗೋಡಿನ ಕಡೆಯ ಅಂಜೂರದ ತೋಟದಲ್ಲಿ ಗಿಡ ಬೇರೆ, ಹಣ್ಣು ಬೇರೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಪೈರೇ ಎಲ್ಲ. ಈ ನಿಯಮ ಒಂಟಿ ರೈತನಿಗೆ ಅನ್ವಯಿಸುವುದಿಲ್ಲ. ಆದರೆ ನಿಂತ ಪೈರನ್ನು ನೋಡಿ ಬರೆದುಕೊಳ್ಳುವ ಕೆಲಸವನ್ನು ಕರಣಂ ತನ್ನ ಅಡಂಗಲ್ ಲೆಕ್ಕದಲ್ಲಿ ಪ್ರತಿವರ್ಷ ಮಾಡುತ್ತಿದ್ದ. ಅವನು ಬರೆದದ್ದು ಕಂದಾಯ ವಸೂಲಿಗೆ, ಇದು ಷೇರುದಾರರ ತಿಳಿವಳಿಕೆಗೆ. ಅವನ ಪುಟವನ್ನು ರೈತ ಓದಲಾರದೆ ಹೆಬ್ಬೆಟ್ಟು ಒತ್ತಿದ; ಆ ರೈತನ ಮೊಮ್ಮಗಳು ಇಂದು ಎಂ.ಕಾಂ. ತರಗತಿಯಲ್ಲಿ ಕುಳಿತು ಜಮಾ-ಖರ್ಚನ್ನು ಬಿಡಿಸಬಲ್ಲಳು. ವಿಶ್ವವಿದ್ಯಾಲಯ ತಂದ ದೊಡ್ಡ ಬದಲಾವಣೆ ಇದು, ಡೆಬಿಟ್ ಕ್ರೆಡಿಟ್ ಸೂತ್ರಗಳಲ್ಲ. ಅವಳಿಗೆ ಕಿರ್ದಿಯ ಒಂದು ಪುಟವನ್ನೂ ಪಕ್ಕದಲ್ಲಿಟ್ಟು ಕಲಿಸಿದರೆ ಸೂತ್ರ ಉರುಹೊಡೆಯುವ ಕಷ್ಟ ಅರ್ಧ ಕಡಿಮೆಯಾದೀತು.

ಹಳೆಯ ಪದ್ಧತಿ ಅಂಗಡಿಗಳಿಂದಲೂ ಸರಿಯುತ್ತಾ ಬಂದಿದೆ. ದೀಪಾವಳಿಗೆ ವಹಿ ಮುಗಿಸಿ ಹೊಸದು ತೆರೆಯುವ ವರ್ತಕರಿಗೆ ಆದಾಯ ತೆರಿಗೆಯವರೂ ಮೊದಲು ಆಕ್ಷೇಪಿಸುತ್ತಿರಲಿಲ್ಲ. 1989-90ರ ತೆರಿಗೆ ನಿರ್ಧಾರಣೆ ವರ್ಷದಿಂದ ಎಲ್ಲರಿಗೂ ಮಾರ್ಚ್ 31ರ ವರ್ಷಾಂತ್ಯ ಕಡ್ಡಾಯವಾಯಿತು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟ್ಯಾಲಿ ಬಂದ ಮೇಲೆ ಎಡ-ಬಲದ ಚಿಂತೆಯನ್ನು ಗಣಕವೇ ಹೊತ್ತುಕೊಂಡಿತು. ಈಗಲೂ ಲಕ್ಷ್ಮೀಪೂಜೆಯ ಸಂಜೆ ಕೆಂಪು ಬಟ್ಟೆಯ ಹೊಸ ವಹಿಯ ಮೊದಲ ಪುಟಕ್ಕೆ ‘ಶ್ರೀ’ ಬರೆದು ಕುಂಕುಮ ಹಚ್ಚುವ ಅಂಗಡಿಗಳಿವೆ. ಎರಡನೆಯ ಪುಟದಿಂದ ಆಚೆಗೆ ಬರೆಯುವವರು ಕಡಿಮೆ.